ದೀಪ ಹಚ್ಚಿದ ಮೇಲಿನ ಪಾಠ

ಕೆಲಸ ಮಾಡುತ್ತಲೇ ಎಂಬಿಎ ಓದಿದವರಿಗೆಲ್ಲ ಈ ಪ್ರಶ್ನೆ ಗೊತ್ತು: ‘ಫುಲ್ ಟೈಮಾ, ಪಾರ್ಟ್ ಟೈಮಾ?’ ಪಾರ್ಟ್ ಟೈಮ್ ಅಂದರೆ ಸಾಕು, ಎದುರಿನವರು ‘ಓ, ಹಾಗಾ’ ಅಂತಾರೆ. ಆ ದನಿಯಲ್ಲಿ ‘ಅಸಲಿ ಅಲ್ಲ ಬಿಡಿ’ ಅನ್ನೋದೂ ಸೇರಿರುತ್ತೆ. ಹಗಲು ಆಫೀಸು, ರಾತ್ರಿ ಅಸೈನ್‌ಮೆಂಟು ಅಂತ ಎರಡು ವರ್ಷ ಏಗಿದ ನಾನೂ ಇದನ್ನು ಬೇಕಾದಷ್ಟು ಸಲ ಕೇಳಿಸಿಕೊಂಡಿದ್ದೇನೆ. ಅಸಲಿ ಯಾವುದು, ನಕಲಿ ಯಾವುದು ನೋಡೇಬಿಡೋಣ ಅಂತ ಹಳೆಯ ಕಥೆ ಕೆದಕಿದೆ.

1900ರಲ್ಲಿ ಅಮೆರಿಕದಲ್ಲಿ ಎರಡು ಬಿಸಿನೆಸ್ ಶಾಲೆಗಳು ಹುಟ್ಟಿದವು. ಒಂದು, ಹ್ಯಾನೋವರ್ ಎಂಬ ಪುಟ್ಟ ಊರಿನ ಡಾರ್ಟ್‌ಮತ್ ಕಾಲೇಜಿನ ಟಕ್ ಸ್ಕೂಲ್. ಇವತ್ತಿನ ಫುಲ್ ಟೈಮ್ ಎಂಬಿಎಗೆ ಅದು ಅಜ್ಜನಿದ್ದ ಹಾಗೆ. ಇನ್ನೊಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಕಾಮರ್ಸ್, ಅಕೌಂಟ್ಸ್ ಅಂಡ್ ಫೈನಾನ್ಸ್. ಅಲ್ಲಿ ಪಾಠ ಶುರುವಾಗುತ್ತಿದ್ದದ್ದು ಸಂಜೆ, ಆಫೀಸುಗಳು ಬಾಗಿಲು ಹಾಕಿದ ಮೇಲೆ.

ಸಂಜೆಯೇ ಯಾಕೆ? 1896ರಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ಮಾಡಿತು. ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್ ಅನ್ನಿಸಿಕೊಳ್ಳಬೇಕಾದರೆ ಇನ್ನು ಪರೀಕ್ಷೆ ಪಾಸಾಗಬೇಕು ಅಂತ. ಆದರೆ ಪರೀಕ್ಷೆ ಬರೆಯಬೇಕಾದವರೆಲ್ಲ ಹಗಲಿಡೀ ಲೆಕ್ಕದ ಪುಸ್ತಕದ ಮುಂದೆ ಕೂತವರು. ಆಗ ಅಕೌಂಟೆಂಟರೇ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರು. ಮೊದಲ ಡೀನ್ ಚಾರ್ಲ್ಸ್ ವಾಲ್ಡೋ ಹ್ಯಾಸ್ಕಿನ್ಸ್ ಸ್ವತಃ ಅಕೌಂಟಿಂಗ್ ಸಂಸ್ಥೆ ನಡೆಸುತ್ತಿದ್ದವರು. ಅಂದರೆ ಹಗಲು ಕೆಲಸ ಮುಗಿಸಿ ಬರುವವರು ವಿದ್ಯಾರ್ಥಿಗಳಷ್ಟೇ ಆಗಿರಲಿಲ್ಲ. ಅಲ್ಲಿ ಆಗ ಕೊಡುತ್ತಿದ್ದದ್ದು ಸ್ನಾತಕೋತ್ತರ ಪದವಿಯಲ್ಲ, ನಿಜ. ಆದರೆ ಎಂಬಿಎ ಅನ್ನುವ ಡಿಗ್ರಿಯನ್ನು ಹಾರ್ವರ್ಡ್ ಶುರುಮಾಡಿದ್ದೇ 1908ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ಸಂಜೆ ಕ್ಲಾಸು ಇತ್ತು.

ಮುಂದಿನ ತಿರುವು 1943. ಎರಡನೇ ಮಹಾಯುದ್ಧದ ಕಾಲ. ಓದಬೇಕಾದ ವಯಸ್ಸಿನ ಹುಡುಗರು ಯುದ್ಧಕ್ಕೆ ಹೋಗಿದ್ದಾರೆ. ಇತ್ತ ಕಾರ್ಖಾನೆಗಳಿಗೆ ಬಿಡುವಿಲ್ಲ, ನಡೆಸುವವರಿಗೆ ಕೆಲಸ ಬಿಟ್ಟು ಓದಲು ಹೋಗುವ ಪ್ರಶ್ನೆಯೇ ಇಲ್ಲ. ಅಂಥ ಹೊತ್ತಿನಲ್ಲಿ ಷಿಕಾಗೋ ವಿಶ್ವವಿದ್ಯಾಲಯ, ಕೆಲಸದಲ್ಲಿರುವ ಮ್ಯಾನೇಜರುಗಳಿಗಾಗಿಯೇ ಒಂದು ಎಂಬಿಎ ತೆರೆಯಿತು. ಇವತ್ತು ಜಗತ್ತಿನ ತುಂಬ ಇರುವ ಎಕ್ಸಿಕ್ಯುಟಿವ್ ಎಂಬಿಎಗಳಿಗೆ ಅದೇ ಮೂಲ.

ನಮ್ಮಲ್ಲಿಗೆ ಬನ್ನಿ. ಸಂಜೆ ಕಾಲೇಜು ಬೆಂಗಳೂರಿಗೆ ಹೊಸದಲ್ಲ. ಶಿಫ್ಟ್ ಮುಗಿಸಿ, ಸೈಕಲ್ ತುಳಿದು ಹೋಗಿ ಬಿಕಾಂ, ಎಲ್‌ಎಲ್‌ಬಿ ಮಾಡಿದ ಒಬ್ಬ ಚಿಕ್ಕಪ್ಪನೋ ಮಾವನೋ ನಿಮ್ಮ ಮನೆಯಲ್ಲೂ ಇದ್ದಾರು. 1987ರಲ್ಲಿ ಇಗ್ನೋ ತನ್ನ ಮೊದಮೊದಲ ಕೋರ್ಸುಗಳಲ್ಲೇ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಇಟ್ಟಾಗ, ಪಾಠ ಅಂಚೆಯಲ್ಲಿ ಮನೆ ಬಾಗಿಲಿಗೇ ಬಂತು. 1998ರಲ್ಲಿ ಐಐಎಂ ಬೆಂಗಳೂರು, ಸಾಫ್ಟ್‌ವೇರ್ ಮಂದಿಗೆ ಅಂತಲೇ ಕೆಲಸ ಬಿಡದೆ ಓದುವ ಕಾರ್ಯಕ್ರಮ ತೆರೆಯಿತು. ಕೋಡ್ ಬರೆಯುತ್ತಿದ್ದವರು ಟೀಮು, ಬಜೆಟ್ಟು ನೋಡಿಕೊಳ್ಳಬೇಕಾಗಿ ಬಂದಿದ್ದ ಕಾಲ ಅದು. ಆಮೇಲೆ ಅದು ಬೇರೆ ಉದ್ಯಮದವರಿಗೂ ತೆರೆದುಕೊಂಡಿತು.

ಈ ಕಥೆಗಳಲ್ಲಿ ನನಗೆ ಕಂಡದ್ದು ಒಂದೇ. ಕೆಲಸದವನು ಕ್ಲಾಸಿಗೆ ಹೊಂದಿಕೊಳ್ಳಲಿಲ್ಲ, ಕ್ಲಾಸೇ ಕೆಲಸದವನಿಗೆ ಹೊಂದಿಕೊಂಡಿತು. ಅವನ ಓದು ಅವನೊಬ್ಬನಿಗೆ ಬೇಕಾದದ್ದಲ್ಲ, ಒಂದು ವೃತ್ತಿಗೆ, ಒಂದು ಉದ್ಯಮಕ್ಕೆ ಬೇಕು ಅಂತ ಯಾರೋ ಒಪ್ಪಿಕೊಂಡಿದ್ದರು. ಇವತ್ತು ನಾವು ಆ ಅರ್ಧವನ್ನು ಮರೆತಿದ್ದೇವೆ. ‘ನಿನ್ನ ಕೆರಿಯರ್, ನಿನ್ನ ದುಡ್ಡು, ನಿನ್ನ ನಿದ್ದೆ’ ಅಂದುಬಿಟ್ಟರೆ ಮುಗೀತು. ನಾನೂ ಹಾಗೇ ಅಂದುಕೊಂಡಿದ್ದೆ. ಫೀಸ್ ಕಟ್ಟಿದ ಮೇಲೆ ಮ್ಯಾನೇಜರಿಗೆ ಹೇಳಿದೆ. ಪರೀಕ್ಷೆ ವಾರದಲ್ಲೇ ರಿಲೀಸ್ ಬಂತು. ತಪ್ಪು ಅವರದ್ದಲ್ಲ, ಅವರು ಯಾವುದಕ್ಕೂ ಒಪ್ಪಿರಲೇ ಇಲ್ಲ.

ಮನೆಯಲ್ಲೂ ಅಷ್ಟೇ. ಎರಡು ವರ್ಷದ ಭಾನುವಾರಗಳಲ್ಲಿ ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋದದ್ದು ನನ್ನ ಹೆಂಡತಿ. ಮೊನ್ನೆ ನಾನೇ ಹೋದಾಗ, ಅಲ್ಲಿನ ಕೋಚ್ ‘ನೀವು ಯಾರು ಸಾರ್?’ ಅಂದರು. ನ್ಯೂಯಾರ್ಕಿನ ಆ ಗುಮಾಸ್ತರ ಮನೆಯಲ್ಲೂ ಯಾರೋ ಊಟ ಎತ್ತಿಟ್ಟು ಕಾದಿರಬೇಕು. ಅವರ ಹೆಸರು ಯಾವ ಡಿಗ್ರಿ ಸರ್ಟಿಫಿಕೇಟಿನಲ್ಲೂ ಇಲ್ಲ.

ಹಾಗಾಗಿ ಸೇರಬೇಕು ಅಂತಿದ್ದರೆ ಖಂಡಿತ ಸೇರಿ. ಪಾರ್ಟ್ ಟೈಮ್ ಅನ್ನೋಕೆ ನಾಚಿಕೆ ಬೇಡ, ನಿಮ್ಮ ವಂಶ ಹಳೆಯದು. ಆದರೆ ಕಾಲೇಜಿನ ರ‍್ಯಾಂಕಿಂಗ್ ನೋಡೋಕೆ ಮೊದಲು ಒಂದು ಹಾಳೆ ತಗೊಂಡು ವಾರಕ್ಕೆ ಎಷ್ಟು ಗಂಟೆ ಬೇಕು, ಅದರಲ್ಲಿ ಆಫೀಸು ಬಿಟ್ಟುಕೊಡೋದೆಷ್ಟು, ಮನೆಯವರು ಬಿಟ್ಟುಕೊಡೋದೆಷ್ಟು ಅಂತ ಬರೆಯಿರಿ. ಆಮೇಲೆ ಅದನ್ನು ಅವರಿಬ್ಬರಿಗೂ ತೋರಿಸಿ. ಫೀಸ್ ಕಟ್ಟೋಕೆ ಮೊದಲು.