ಚಿಕ್ಕಮಗಳ ಊರಿಗೆ ಬಂದ ನೆಂಟರು

ಮದುವೆಯ ಬಳುವಳಿಯಿಂದಲೇ ಹೆಸರು ಪಡೆದ ಊರುಗಳು ಹೆಚ್ಚಿಲ್ಲ. ಚಿಕ್ಕಮಗಳೂರು ಅಂಥ ಒಂದು ಊರು. ಸಖರಾಯಪಟ್ಟಣದ ದೊರೆ ರುಕ್ಮಾಂಗದ ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು ಎಂಬುದು ಐತಿಹ್ಯ. ಮೈಸೂರು ಸಂಸ್ಥಾನದ ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಕೂಡ ಈ ಕಥೆಯನ್ನು ದಾಖಲಿಸಿದ್ದಾರೆ.

ಇಂಥ ಊರಿನಲ್ಲಿ ಮದುವೆಗೆ ಬಂದ ನೆಂಟರಿಗೆ ಏನು ತೋರಿಸಬೇಕು? ಈಗ ಲಗ್ನಪತ್ರಿಕೆಯ ಜೊತೆಗೆ 'ಬಂದವರು ನೋಡಬೇಕಾದ ಜಾಗಗಳು' ಎಂಬ ಪಟ್ಟಿಯೂ ವಧೂವರರಿಂದ ನೆಂಟರ ಫೋನಿಗೆ ಹೋಗುವುದುಂಟು. ಪಟ್ಟಿಯ ತಲೆಯಲ್ಲಿ ಸಾಮಾನ್ಯವಾಗಿ ಮುಳ್ಳಯ್ಯನಗಿರಿ ಇರುತ್ತದೆ. ಕಾಫಿ ಸೀಮೆಯ ಚರಿತ್ರೆಯನ್ನು ನೋಡಿದರೆ ಈ ಪಟ್ಟಿ ಎಂದೂ ಒಂದೇ ಆಗಿರಲಿಲ್ಲ. ಆತಿಥೇಯರು ಬದಲಾದಂತೆ ನೋಡುವ ಜಾಗಗಳೂ ಬದಲಾಗಿವೆ.

ಈ ಬೆಟ್ಟಗಳ ಹಳೆಯ ಆತಿಥೇಯರೆಂದರೆ ದೇವರುಗಳೇ. ಕಾರ್ಕಳದ ಭೈರರಸರ ಘಟ್ಟದ ಮೇಲಿನ ನೆಲೆಯಾಗಿದ್ದ ಕಳಸಕ್ಕೆ ಬಂದವರು ಭದ್ರೆಯ ತೀರ್ಥಗಳಲ್ಲಿ ಮಿಂದು ಕಳಸೇಶ್ವರನ ದರ್ಶನ ಪಡೆಯುತ್ತಿದ್ದರು. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಪ್ರಸಾದ ಉಣ್ಣದೆ ಹೊರಟರೆ ಯಾತ್ರೆ ಪೂರ್ತಿಯಾಗದೆಂಬ ನಂಬಿಕೆ ಇಂದಿಗೂ ಇದೆ. ಬಾಬಾಬುಡನ್‌ಗಿರಿಯ ಗುಹೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಂಡು ಬಂದಿದ್ದಾರೆ. 17ನೇ ಶತಮಾನದಲ್ಲಿ ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬುದು ಪ್ರತೀತಿ. ಈ ಯಾತ್ರಿಕರು ನಿಸರ್ಗ ಸೌಂದರ್ಯ ಸವಿಯಲು ಬಂದವರಲ್ಲ. ಹರಕೆ ಹೊತ್ತು ಬಂದು, ಮಿಂದು, ಉಂಡು, ಹಿಂತಿರುಗುತ್ತಿದ್ದರು.

ಎರಡನೆಯ ಆತಿಥೇಯರು ಸರಕಾರ ಮತ್ತು ತೋಟದ ಸಾಹೇಬರು. 19ನೇ ಶತಮಾನದಲ್ಲಿ ಬ್ರಿಟಿಷರು ಇಲ್ಲಿ ದೊಡ್ಡ ತೋಟಗಳನ್ನು ಮಾಡಿದರು. 1865ರಲ್ಲಿ ಜಿಲ್ಲಾ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಬಂದಿತು. ಆದರೂ ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರೇ 1947ರವರೆಗೂ ಉಳಿಯಿತು. ಅಧಿಕಾರಿಗಳು ಪ್ರವಾಸಿ ಬಂಗಲೆಗಳಲ್ಲಿ ತಂಗುತ್ತಿದ್ದರೆ, ತೋಟದ ಸಾಹೇಬರ ಅತಿಥಿಗಳಿಗೆ ಶಿಕಾರಿಯೇ ಮುಖ್ಯವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯಲ್ಲಿ ತಂಗುತ್ತಿದ್ದ ಕೆಮ್ಮಣ್ಣುಗುಂಡಿ ಗಿರಿಧಾಮವಾಯಿತು. ಅದೇ ಗುಡ್ಡದ ಕೆಂಪು ಮಣ್ಣಿನಡಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಹೋಗುತ್ತಿತ್ತು. 'ನೋಟ' ನೋಡುವುದಕ್ಕಾಗಿಯೇ ಬೆಟ್ಟ ಹತ್ತುವ ರೂಢಿ ಇಲ್ಲಿ ಬೆಳೆದದ್ದು ಈ ಕಾಲದಲ್ಲಿ.

ಇವೆರಡರ ನಡುವೆ, ಯಾವ ಗೆಜೆಟಿಯರಿನ ಲೆಕ್ಕಕ್ಕೂ ಬಾರದೆ, ಮಲೆನಾಡಿನ ಮನೆಯೊಡೆಯನ ಆತಿಥ್ಯ ನಡೆದೇ ಇತ್ತು. ಅದಕ್ಕೂ ಕಾಫಿಗೂ ನಂಟಿದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಕೊಯ್ಲು. ಆಮೇಲೆ ಹೂಮಳೆ ಬಿದ್ದು ತೋಟವೆಲ್ಲ ಮಲ್ಲಿಗೆಯಂತೆ ಬಿಳುಪಾಗುತ್ತದೆ. ಕೊಯ್ಲಿನ ಹಣ ಕೈಸೇರಿ, ಮುಂಗಾರು ಇನ್ನೂ ಹಿಡಿಯದ ಏಪ್ರಿಲ್-ಮೇ ತಿಂಗಳು ಮದುವೆಗೆ ಅನುಕೂಲದ ಕಾಲ. ಬಯಲುಸೀಮೆಯ ನೆಂಟರು ಕಡೂರಿನಲ್ಲಿ ರೈಲಿಳಿದು ಮುಂದೆ ಸುಮಾರು 40 ಕಿ.ಮೀ. ಬಸ್ಸಿನಲ್ಲಿ ಬರಬೇಕಿತ್ತು. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಕರಾವಳಿಯವರು ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ದಣಿವಾರಿಸಿಕೊಂಡು ಬರುತ್ತಿದ್ದರು.

ಅಷ್ಟು ದೂರದಿಂದ ಬಂದವರು ಒಂದೇ ದಿನಕ್ಕೆ ಹೊರಡುತ್ತಿರಲಿಲ್ಲ. ಅವರಿಗೆ ಮನೆಯವರು ತೋರಿಸುತ್ತಿದ್ದುದು ತೋಟ, ಕೆರೆ, ಊರ ದೇವಸ್ಥಾನ. ಬಡಿಸುತ್ತಿದ್ದುದು ಅಕ್ಕಿರೊಟ್ಟಿ, ಕಡುಬು, ಕೋಳಿಸಾರು. ಮಳೆಗಾಲವಾದರೆ ಕಳಲೆ ಮತ್ತು ಪತ್ರೊಡೆ. ಹೊರಡುವಾಗ ಕೈಗೆ ಕಾಫಿಪುಡಿ, ಕಾಳುಮೆಣಸಿನ ಪೊಟ್ಟಣ. ನೆಂಟ ಎಲ್ಲಿಗೆ ಹೋದರೂ ಮನೆಯ ಒಬ್ಬರು ಜೊತೆಗಿರುತ್ತಿದ್ದರು. ಎಲ್ಲಿ ಕಾಲಿಡಬಾರದು, ಯಾವ ಹಳ್ಳ ಇಳಿಯಬಾರದು ಎಂದು ಹೇಳುವವರೂ ಅವರೇ.

ಈ ಕೊಂಡಿ ಸಡಿಲವಾದದ್ದು ಇತ್ತೀಚೆಗೆ. 1990ರ ದಶಕದಲ್ಲಿ ಕಾಫಿ ಮಾರಾಟ ಕಾಫಿ ಮಂಡಳಿಯ ಹಿಡಿತದಿಂದ ಬಿಡುಗಡೆಯಾಗಿ ಬೆಳೆಗಾರ ಮುಕ್ತ ಮಾರುಕಟ್ಟೆಗೆ ಬಂದ. ಮೊದಲು ಒಳ್ಳೆಯ ಬೆಲೆ ಸಿಕ್ಕಿತು. ಆದರೆ 2000ದ ಆಸುಪಾಸಿನಲ್ಲಿ ಜಗತ್ತಿನಾದ್ಯಂತ ಕಾಫಿ ಬೆಲೆ ಕುಸಿಯಿತು. ಸಾಲ ಕಾಡತೊಡಗಿದಾಗ ಅನೇಕರು ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಟ್ಟರು. ಹೋಮ್‌ಸ್ಟೇ ಹುಟ್ಟಿಕೊಂಡದ್ದು ಹೀಗೆ, ಅದರಿಂದ ಎಷ್ಟೋ ತೋಟಗಳು ಉಳಿದದ್ದೂ ನಿಜ. ಆದರೆ ನೆಂಟನ ಜಾಗಕ್ಕೆ ಗಿರಾಕಿ ಬಂದ. ಜೊತೆಗೆ ಹೋಗುವವರು ಇಲ್ಲವಾದರು.

ಅದರ ಭಾರ ಬಿದ್ದಿರುವುದು ಒಂದೇ ಗಿರಿಶ್ರೇಣಿಯ ಮೇಲೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಕಿರಿದಾದ ಗಿರಿಯ ರಸ್ತೆಯಲ್ಲಿ ವಾರಾಂತ್ಯದಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲತೊಡಗಿದವು. 2022ರಲ್ಲಿ ಕುರಿಂಜಿ ಅರಳಿದಾಗ ಜನ ಕಿಕ್ಕಿರಿದರು. ಕೊನೆಗೆ 2025ರಲ್ಲಿ ಜಿಲ್ಲಾಡಳಿತ ಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು.

ಇದು ಬರೀ ವಾಹನ ದಟ್ಟಣೆಯ ಪ್ರಶ್ನೆಯಲ್ಲ. ಗಿರಿಯ ಹುಲ್ಲುಗಾವಲು ಮತ್ತು ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಅಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿಸುತ್ತದೆ. ರುಕ್ಮಾಂಗದನೇ ಕಟ್ಟಿಸಿದನೆಂದು ಜನ ಹೇಳುವ ಕೆರೆ ಅದು. ಮೇಲೆ ಹುಲ್ಲು ತುಳಿದು ಹಾಳಾದರೆ ಕೆಳಗೆ ಗದ್ದೆಗೆ ನೀರು ಕಡಿಮೆಯಾಗುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ-ಕಳಸ ಭಾಗದಲ್ಲಿ ಗುಡ್ಡಗಳೇ ಕುಸಿದುಬಿದ್ದವು. ಈ ನೆಲ ಎಷ್ಟು ಸೂಕ್ಷ್ಮವೆಂದು ಅದರ ಬಳಿಕ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ವಧೂವರರ ಪಟ್ಟಿಯಲ್ಲಿ ಏನಿರಬೇಕು? ಮನೆಯವರು ತೋರಿಸುತ್ತಿದ್ದ ಜಾಗಗಳತ್ತ ಮರಳಿದರೆ ಮದುವೆಗೇ ಒಪ್ಪುವ ಪಟ್ಟಿ ಸಿಗುತ್ತದೆ. ಮೊದಲನೆಯದು, ನಗರಕ್ಕೆ ಅಂಟಿಕೊಂಡೇ ಇರುವ ಅಕ್ಕನ ಊರು ಹಿರೇಮಗಳೂರು. ಅಲ್ಲಿನ ಕೋದಂಡರಾಮ ದೇವಾಲಯದಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಅದು ಕಲ್ಯಾಣದ ಭಂಗಿ, ಮದುವೆಯ ಹೊತ್ತಿನಲ್ಲಿ ವಧು ನಿಲ್ಲುವುದೇ ಹಾಗೆ ಎಂದು ವಿವರಿಸುತ್ತಾರೆ. ಅರ್ಚಕ ಹಿರೇಮಗಳೂರು ಕಣ್ಣನ್ ಅವರಿಂದಾಗಿ ಈ ಗುಡಿ ಕನ್ನಡದ ಪೂಜೆಗೆ ನಾಡಿನಲ್ಲೆಲ್ಲ ಹೆಸರಾಗಿದೆ.

ಬಯಲಿನ ಕಡೆ ಸುಮಾರು 30 ಕಿ.ಮೀ. ಹೋದರೆ ಬೆಳವಾಡಿ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹರ ಮೂರು ಗರ್ಭಗುಡಿಗಳ ಹೊಯ್ಸಳ ದೇವಾಲಯ ಅಲ್ಲಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳರ ಮೂಲ ನೆಲೆಯನ್ನು ನೋಡಬೇಕೆಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಹೋಗಬೇಕು. ಶಾಸನಗಳ ಸೊಸೆವೂರು ಅದೇ. ಸಳ ಹುಲಿಯನ್ನು ಹೊಡೆದ ಕಥೆಯೂ ಆ ಊರಿನದೇ.

ಮೂಡಿಗೆರೆಯೆಂದರೆ ಪೂರ್ಣಚಂದ್ರ ತೇಜಸ್ವಿಯವರ ಊರೂ ಹೌದು. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಆ ದಾರಿಯಲ್ಲಿ ಹೋದವರು ಅಲ್ಲಿನ ನೀರುದೋಸೆ ತಿನ್ನದೆ ಮುಂದೆ ಹೋಗುವುದಿಲ್ಲ. ಬಿಡುವಿದ್ದವರು ಇನ್ನೂ ಮುಂದಕ್ಕೆ ಕಳಸಕ್ಕೆ ಹೋಗಬಹುದು. ಕಾರ್ತಿಕದಲ್ಲಿ ಅಲ್ಲಿ ನಡೆಯುವ ಗಿರಿಜಾ ಕಲ್ಯಾಣೋತ್ಸವಕ್ಕೆ ಸುತ್ತಲಿನ ಊರುಗಳೆಲ್ಲ ನೆಂಟರೇ.

ಗಿರಿಗೆ ಹೋಗಲೇಬೇಕೆಂದವರನ್ನು ತಡೆಯಬೇಕಿಲ್ಲ. ವಾರದ ನಡುವೆ, ಹತ್ತು ಕಾರುಗಳ ಬದಲು ಒಂದು ವ್ಯಾನಿನಲ್ಲಿ, ಮನೆಯ ಒಬ್ಬರನ್ನು ಜೊತೆಗೆ ಕಳುಹಿಸಿದರೆ ಹಳೆಯ ಕ್ರಮವನ್ನೇ ಪಾಲಿಸಿದಂತಾಗುತ್ತದೆ. ನೆಂಟರು ಎರಡು ದಿನ ಇದ್ದು ಹೋಗುತ್ತಾರೆ. ಗಿರಿಯೂ ಅದರ ಹಳ್ಳಗಳೂ ಇಲ್ಲೇ ಸಂಸಾರ ಹೂಡುವವರಿಗೆ, ಮುಂದೆ ಅವರ ಮಕ್ಕಳಿಗೆ ಬೇಕು. ಬಳುವಳಿಯಾಗಿ ಬಂದ ಊರನ್ನು ಕೆಡದಂತೆ ನೋಡಿಕೊಳ್ಳುವ ಹೊಣೆ, ಆ ಪಟ್ಟಿ ಬರೆಯುವವರಿಂದಲೇ ಶುರುವಾಗುತ್ತದೆ.