ಆಪ್ತಸಮಾಲೋಚಕರ ತರಬೇತಿ: ಮೈಸೂರು–ಬೆಂಗಳೂರುಗಳಲ್ಲಿ ಅದರ ಪೂರ್ವೇತಿಹಾಸ

ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಬರೆದವರು ಅಲ್ಲಿನ ಕನ್ನಡ, ಇತಿಹಾಸ ಮತ್ತು ತತ್ತ್ವಶಾಸ್ತ್ರ ವಿಭಾಗಗಳಿಗೆ ಕೊಟ್ಟಷ್ಟು ಗಮನವನ್ನು ಮನಃಶಾಸ್ತ್ರ ವಿಭಾಗಕ್ಕೆ ಕೊಟ್ಟಂತೆ ಕಾಣುವುದಿಲ್ಲ. ನೊಂದವರ ಮಾತನ್ನು ಆಲಿಸಿ ನೆರವಾಗುವ ಆಪ್ತಸಮಾಲೋಚಕರನ್ನು ಸ್ನಾತಕೋತ್ತರ ಹಂತದಲ್ಲಿ ಸಿದ್ಧಗೊಳಿಸುವ ಕಾರ್ಯವು ನಮ್ಮಲ್ಲಿ ಬಹುಕಾಲ ನಿಶ್ಚಿತ ರೂಪವನ್ನು ಪಡೆಯಲಿಲ್ಲ. ಅದಕ್ಕೆ ಕಾರಣವನ್ನು ಹುಡುಕುವವರು ಮೊದಲು ಆ ವಿಭಾಗದ ಹುಟ್ಟಿನ ಕಡೆಗೇ ನೋಡಬೇಕಾಗುತ್ತದೆ.

ಭಾರತದಲ್ಲಿ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮವನ್ನು ಮೊದಲು ರೂಪಿಸಿದವರು ಬ್ರಜೇಂದ್ರನಾಥ ಸೀಲರು. 1905ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕಾಗಿ ಅವರು ಸಿದ್ಧಪಡಿಸಿದ ಕರಡು 1916ರಲ್ಲಿ ಅಲ್ಲಿ ಪ್ರತ್ಯೇಕ ವಿಭಾಗ ತೆರೆಯಲು ಆಧಾರವಾಯಿತು. ಅದೇ ಸೀಲರು 1921ರಲ್ಲಿ ಮೈಸೂರಿನ ಕುಲಪತಿಗಳಾಗಿ ಬಂದು 1930ರವರೆಗೆ ಇದ್ದರು. ಅವರ ಅವಧಿಯಲ್ಲಿ, 1924ರಲ್ಲಿ, ದೇಶದ ಎರಡನೆಯ ಮನಃಶಾಸ್ತ್ರ ವಿಭಾಗವು ಮೈಸೂರಿನಲ್ಲಿ ಆರಂಭವಾದುದು ಆಕಸ್ಮಿಕವೆನ್ನಲಾಗದು. ಅದರ ಹೊಣೆ ಹೊತ್ತ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತವರು. ಬುದ್ಧಿಶಕ್ತಿಯನ್ನು ಅಳೆಯಬಹುದೆಂಬ ನಂಬಿಕೆ ಆ ಪರಂಪರೆಯ ಜೀವಾಳ. ಮೈಸೂರಿನ ಪ್ರಯೋಗಾಲಯದಲ್ಲಿ ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಒಗ್ಗಿಸುವ ಕೆಲಸ ನಡೆಯಿತು. (1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಇವರೇ, ಜನಮನದಲ್ಲಿ ಅವರ ಹೆಸರು ಉಳಿದಿರುವುದು ಅದರಿಂದಲೇ ಹೊರತು ಮನಃಶಾಸ್ತ್ರದಿಂದಲ್ಲ.)

ಈ ಪ್ರಯೋಗಾಲಯದ ಪದ್ಧತಿಯನ್ನು ಸ್ವಲ್ಪ ವಿವರವಾಗಿ ಗಮನಿಸಬೇಕು. ಪ್ರಯೋಗ ತರಗತಿಯಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕುಳಿತುಕೊಳ್ಳುತ್ತಾರೆ. ಒಬ್ಬನು ಪ್ರಯೋಗಕರ್ತ, ಇನ್ನೊಬ್ಬನು ಪ್ರಯೋಗಕ್ಕೆ ಒಳಗಾಗುವವನು. ಸ್ಮರಣೆ, ಅವಧಾನ, ಪ್ರತಿಕ್ರಿಯೆಯ ವೇಗ ಇವು ಅಳತೆಗೆ ಸಿಗುತ್ತವೆ. ನಮ್ಮ ಎಂ.ಎ. ಪದವಿಗಳ ಪ್ರಾಯೋಗಿಕ ಭಾಗವು ದಶಕಗಳ ಕಾಲ ಮುಖ್ಯವಾಗಿ ಇದೇ ಅಚ್ಚಿನಲ್ಲಿ ನಡೆದುಬಂದಿತು. ಕಷ್ಟದಲ್ಲಿರುವ ಅಪರಿಚಿತ ವ್ಯಕ್ತಿಯ ಎದುರು ವಿದ್ಯಾರ್ಥಿಯನ್ನು ಕೂರಿಸಿ, ಅವನು ಏನು ಕೇಳಿದ, ಎಲ್ಲಿ ಎಡವಿದ ಎಂಬುದನ್ನು ಅನುಭವಿಗಳು ತಿದ್ದುವ ವ್ಯವಸ್ಥೆ ಆ ಅಚ್ಚಿನಲ್ಲಿ ಇರಲಿಲ್ಲ.

ಅಂತಹ ವ್ಯವಸ್ಥೆ ಬಂದುದು ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲಿ. 1946ರ ಭೋರ್ ಸಮಿತಿಯ ವರದಿಯು ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ತರಬೇತಿ ಹೊಂದಿದವರ ಕೊರತೆಯನ್ನು ಎತ್ತಿ ತೋರಿಸಿ, ಅದಕ್ಕಾಗಿ ಒಂದು ಸಂಸ್ಥೆಯನ್ನು ಸೂಚಿಸಿತ್ತು. ಅದರಂತೆ 1954ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮರುವರ್ಷವೇ ಮನಃಶಾಸ್ತ್ರದ ಸ್ನಾತಕೋತ್ತರ ಪದವೀಧರರಿಗಾಗಿ ಎರಡು ವರ್ಷಗಳ ವೈದ್ಯಕೀಯ ಮನೋವಿಜ್ಞಾನ ಡಿಪ್ಲೊಮಾ ಆರಂಭವಾಯಿತು. ಮುಂದೆ ‘ವೈದ್ಯಕೀಯ ಮತ್ತು ಸಾಮಾಜಿಕ ಮನೋವಿಜ್ಞಾನ’ ಎಂಬ ಹೆಸರು ಪಡೆದ ಇದು 1970ರ ದಶಕದ ಕೊನೆಗೆ ಎಂ.ಫಿಲ್. ಆಯಿತು. ಆ ವೇಳೆಗೆ, ಅಂದರೆ 1974ರಲ್ಲಿ, ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ವಿಲೀನಗೊಂಡು ನಿಮ್ಹಾನ್ಸ್ ರೂಪುಗೊಂಡಿತ್ತು. ಇಲ್ಲಿ ವಿದ್ಯಾರ್ಥಿ ಕಲಿತದ್ದು ರೋಗಿಯ ಸಮ್ಮುಖದಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ. ಆದರೆ ಅವನೆದುರು ಬಂದವರು ಬಹುಮಟ್ಟಿಗೆ ರೋಗಿಗಳೇ. ಪರೀಕ್ಷೆಗೆ ಹೆದರಿದ ಬಾಲಕ, ದಾಂಪತ್ಯದಲ್ಲಿ ಬಳಲಿದ ಹೆಣ್ಣು, ಉದ್ಯೋಗದ ದಾರಿ ಕಾಣದ ತರುಣ ಇವರು ಆಸ್ಪತ್ರೆಯ ಬಾಗಿಲಿಗೆ ಬರುವವರಲ್ಲ.

ಇಂತಹವರಿಗೆ ನೆರವಾಗುವವರ ತರಬೇತಿಯನ್ನು ಅಮೆರಿಕದಲ್ಲಿ ಪ್ರತ್ಯೇಕ ಶಾಖೆಯಾಗಿ ಕಟ್ಟಿದ್ದು ಎರಡನೆಯ ಮಹಾಯುದ್ಧದ ತರುವಾಯ. ಚಿಕಿತ್ಸಾ ಮನೋವಿಜ್ಞಾನದ ಶಿಕ್ಷಣವನ್ನು 1949ರ ಬೌಲ್ಡರ್ ಸಮ್ಮೇಳನವು ರೂಪಿಸಿದರೆ, ಆಪ್ತಸಮಾಲೋಚನಾ ಮನೋವಿಜ್ಞಾನದ ಶಿಕ್ಷಣದ ಮಾನದಂಡಗಳನ್ನು 1951ರ ನಾರ್ತ್‌ವೆಸ್ಟರ್ನ್ ಸಮ್ಮೇಳನವು ಗೊತ್ತುಪಡಿಸಿತು. ಮೇಲ್ವಿಚಾರಣೆಯಲ್ಲಿ ನಡೆಯುವ ಅಭ್ಯಾಸವನ್ನು ಎರಡಕ್ಕೂ ಅಗತ್ಯವೆಂದು ಪರಿಗಣಿಸಲಾಯಿತು. ಭಾರತದಲ್ಲಿ ಸಮಾಲೋಚನೆಯು ಪ್ರವೇಶಿಸಿದ್ದು ಬೇರೊಂದು ಬಾಗಿಲಿನಿಂದ, ಶಾಲೆಯಿಂದ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ 1952–53ರ ಪ್ರೌಢಶಿಕ್ಷಣ ಆಯೋಗವು ವಿದ್ಯಾರ್ಥಿಗಳಿಗೆ ಮಾರ್ಗದರ್ಶನದ ಅಗತ್ಯವನ್ನು ಪ್ರತಿಪಾದಿಸಿತು. ಅದರ ಫಲವಾಗಿ ದೆಹಲಿಯಲ್ಲಿ ಕೇಂದ್ರೀಯ ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನ ಕಾರ್ಯಾಲಯ ತಲೆಯೆತ್ತಿದ್ದು 1954ರಲ್ಲಿ, ಬೆಂಗಳೂರಿನ ಸಂಸ್ಥೆ ಹುಟ್ಟಿದ ವರ್ಷವೇ. ಒಂದು ಆರೋಗ್ಯ ಇಲಾಖೆಯ ಕೂಸು, ಇನ್ನೊಂದು ಶಿಕ್ಷಣ ಇಲಾಖೆಯದು. ಎರಡಕ್ಕೂ ತಾಯಿಯಾಗಬಹುದಾಗಿದ್ದ ವಿಶ್ವವಿದ್ಯಾನಿಲಯದ ವಿಭಾಗಗಳು ತಮ್ಮ ಪ್ರಯೋಗಾಲಯಗಳಲ್ಲಿಯೇ ಉಳಿದವು. ಈ ಲೇಖಕನ ದೃಷ್ಟಿಯಲ್ಲಿ ಮೂಲ ತೊಡಕು ಇರುವುದು ಇಲ್ಲಿಯೇ.

ಕಾನೂನು ಈ ಒಡಕನ್ನು ಸ್ಥಿರಗೊಳಿಸಿತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಡಿ ಚಿಕಿತ್ಸಾ ಮನೋವಿಜ್ಞಾನಿಗಳಿಗೆ ನೋಂದಣಿ ದೊರೆಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಅವರ ಅರ್ಹತೆಯನ್ನು ನಿರೂಪಿಸುವಾಗ ‘ವೈದ್ಯಕೀಯ ಮತ್ತು ಸಾಮಾಜಿಕ ಮನೋವಿಜ್ಞಾನ’ದ ಎಂ.ಫಿಲ್. ಪದವಿಯನ್ನು ಹೆಸರಿಸುತ್ತದೆ; ಬೆಂಗಳೂರಿನ ಆ ಹಳೆಯ ಡಿಪ್ಲೊಮಾದ ಹೆಸರು ಹೀಗೆ ಸಂಸತ್ತಿನ ಶಾಸನದಲ್ಲಿ ಸೇರಿಕೊಂಡಿತು. ಇತ್ತ 1990ರ ನಂತರ ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಸಮಾಲೋಚನೆಯನ್ನೇ ಮುಖ್ಯ ವಿಷಯವಾಗಿಟ್ಟುಕೊಂಡ ಸ್ನಾತಕೋತ್ತರ ಪದವಿಗಳು ಆರಂಭವಾದರೂ ಅವುಗಳನ್ನು ಪಡೆದವರಿಗೆ ಅಂತಹ ಶಾಸನಬದ್ಧ ಸ್ಥಾನವಿರಲಿಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಅನುಸೂಚಿಯಲ್ಲಷ್ಟೇ ಚಿಕಿತ್ಸಾ ಮನೋವಿಜ್ಞಾನಿಗಳಲ್ಲದ ಮನೋವಿಜ್ಞಾನಿಗಳಿಗೆ ಎಡೆ ದೊರಕಿತು.

ಭಾಷೆಯ ವಿಷಯವನ್ನು ಬಿಟ್ಟರೆ ಈ ಚರಿತ್ರೆ ಅಪೂರ್ಣ. ‘ಆಪ್ತಸಲಹೆ’ ಎಂಬ ನಮ್ಮ ಪದವೇ ದಾರಿ ತಪ್ಪಿಸುವಂಥದು. ಕಾರ್ಲ್ ರೋಜರ್ಸರು 1942ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದಂದಿನಿಂದ ಈ ವೃತ್ತಿಯ ಒಂದು ಪ್ರಮುಖ ಪಂಥವು ಸಲಹೆ ಕೊಡದಿರುವುದನ್ನೇ ಕಲಿಸುತ್ತ ಬಂದಿದೆ. ‘ಆಪ್ತಸಮಾಲೋಚನೆ’ ಎಂಬುದು ಉತ್ತಮ. ಸರ್ಕಾರಿ ಆಸ್ಪತ್ರೆಗಳ ಎಚ್.ಐ.ವಿ. ಪರೀಕ್ಷಾ ಕೇಂದ್ರಗಳ ಮೂಲಕ ಆ ಪದ ಹಳ್ಳಿಗಳಿಗೂ ತಲುಪಿತು. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಾಗಲೇ ಮನಸ್ಸಿನ ಬೇನೆಯನ್ನು ಕನ್ನಡದಲ್ಲಿ ವಿವರಿಸಬಹುದೆಂಬುದು ಸಿದ್ಧವಾಗಿತ್ತು. ಆದರೆ ವಿವರಿಸುವ ಭಾಷೆ ಬೇರೆ, ಕೇಳಿಸಿಕೊಳ್ಳುವ ಭಾಷೆ ಬೇರೆ. ‘ಎದೆ ಭಾರ’, ‘ಮನಸ್ಸಿಗೆ ಹಚ್ಚಿಕೊಂಡೆ’, ‘ಜೀವ ಬೇಸರ’ ಎಂದು ಹೇಳುವವರ ಮುಂದೆ ಕುಳಿತ ವಿದ್ಯಾರ್ಥಿಯು ಅದನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ, ಪುಸ್ತಕದಲ್ಲಿ ಕಲಿತ ಪ್ರಶ್ನೆಯನ್ನು ಮತ್ತೆ ಕನ್ನಡಕ್ಕೆ ತಂದು ಕೇಳುತ್ತಾನೆ. ಅಷ್ಟರಲ್ಲಿ ಎದುರಿಗಿದ್ದವರು ಮಾತು ನಿಲ್ಲಿಸಿರುತ್ತಾರೆ.