ತೊಟ್ಟಿಲ ಅರಗು, ಪೆನ್ನಿನ ಅಂಟು

ಗಜೇಂದ್ರಗಡದ ಬಡಗಿಯೊಬ್ಬರು ಬಿಡುವಿನಲ್ಲಿ ಕಟ್ಟಿಗೆಯ ಪೆನ್ನು ಮಾಡುತ್ತಾರೆ. ಬಾಗಿಲು, ಚೌಕಟ್ಟು ಮಾಡಿ ಉಳಿದ ಸಾಗವಾನಿಯ ತುಂಡುಗಳೇ ಅದಕ್ಕೆ ಸಾಮಾನು. ಕಳೆದ ಬೇಸಿಗೆಯಲ್ಲಿ ಅವರ ಅಂಗಡಿಯಲ್ಲಿ ಕೂತಿದ್ದೆ. ಲೇಥಿನ ಮೇಲೆ ತಿರುಗುತ್ತಿದ್ದ ಬೆರಳುದ್ದದ ಕಟ್ಟಿಗೆಗೆ ಮಡಚಿದ ಕಾಗದದ ಚೂರಿನಿಂದ ಎರಡು ಹನಿ ಫೆವಿಕ್ವಿಕ್ ಸವರಿದರು. ಅದು ಆರಿದ ಮೇಲೆ ಮತ್ತೊಂದು ಪದರು, ಮತ್ತೆ ಮತ್ತೊಂದು. ಕೊನೆಗೆ ನೀರು ಹಚ್ಚಿದ ನುಣುಪು ಪಾಲಿಶ್ ಕಾಗದದಿಂದ ಉಜ್ಜಿದಾಗ ಕಟ್ಟಿಗೆಯ ಗೆರೆಗಳು ಗಾಜಿನೊಳಗೆ ಇಟ್ಟಂತೆ ಕಂಡವು.

ಅರಿವೆ ಬಿಟ್ಟು ಕಾಗದವನ್ನೇಕೆ ಹಿಡಿದಿರಿ ಎಂದು ಕೇಳಿದೆ.

“ಹತ್ತಿ ಅರಿವಿಗೆ ಇದು ತಾಗಿದ್ರ ಕಾಯತೈತಿ ತಮ್ಮಾ, ಹೊಗಿ ಏಳತೈತಿ. ಕೈ ಸುಟ್ಟಕೋತಿ” ಎಂದರು. ಆಮೇಲೆ ತಾವೇ ಸೇರಿಸಿದರು: “ಇದೇನ ಹೊಸಾ ವಿದ್ಯಾ ಅಲ್ಲ. ನಮ್ಮ ಮುತ್ಯಾ ಅರಗಿನ್ಯಾಗ ಮಾಡ್ತಿದ್ದ. ಅಂವ ತೊಟ್ಟಿಲಕ್ಕ, ನಾ ಪೆನ್ನಿಗೆ.”

ಇತಿಹಾಸದ ವಿದ್ಯಾರ್ಥಿಯಾದ ನಾನು ಆ ಮಾತಿನಲ್ಲೇ ಸಿಕ್ಕಿಕೊಂಡೆ.

ಅರಗು ಒಂದು ಸಣ್ಣ ಕೀಟದ ಸ್ರಾವ. ಮುತ್ತುಗ, ಬೋರೆಯಂಥ ಗಿಡಗಳ ಕೊಂಬೆಯ ಮೇಲೆ ಈ ಕೀಟಗಳು ಗುಂಪಾಗಿ ಕೂತು ರಸ ಹೀರಿ, ತಮ್ಮ ಸುತ್ತ ಗಟ್ಟಿಯಾದ ಹೊದಿಕೆ ಕಟ್ಟಿಕೊಳ್ಳುತ್ತವೆ. ಅದನ್ನು ಕೆರೆದು, ಶುದ್ಧ ಮಾಡಿ, ಬಣ್ಣ ಕೂಡಿಸಿ ಕಡ್ಡಿಯಂತೆ ಮಾಡುತ್ತಾರೆ. ಚನ್ನಪಟ್ಟಣದ ಬೊಂಬೆಗಾರರು ತಿರುಗುವ ಹಾಲೆ ಮರಕ್ಕೆ ಈ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆ ಜಾತಿಯ ಗಿಡದ ಗರಿಯನ್ನು ಒತ್ತಿ ಹೊಳಪು ಕೊಡುತ್ತಾರೆ. ಕುಂಚವೂ ಬೇಡ, ಒಲೆಯೂ ಬೇಡ. ನಮ್ಮ ಧಾರವಾಡ ಸೀಮೆಯಲ್ಲಿ ಅರಗಿನ ಬಣ್ಣಕ್ಕೆ ಹೆಸರಾದದ್ದು ಕಲಘಟಗಿಯ ತೊಟ್ಟಿಲು.

ಈಗಿನ ಅಂಟಿನ ಹುಟ್ಟು ಬೇರೆ ಕಡೆಯದು. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್, ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸೈನೋಅಕ್ರಿಲೇಟ್ ಕೈಗೆ ಬಂತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಎಂದು ಅದನ್ನು ಬದಿಗಿಟ್ಟರು. 1951ರಲ್ಲಿ ಆ ದೋಷವೇ ಗುಣವೆಂದು ಹೊಳೆಯಿತು. 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ಅರಗಿಗೆ ಬಿಸಿ ಬೇಕು. ಇದಕ್ಕೆ ಗಾಳಿಯ ತೇವ ಸಾಕು.

ಹಾಗಾದರೆ ಮುತ್ಯಾನ ಅರಗನ್ನು ಮೊಮ್ಮಗ ಬಿಟ್ಟದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಪೆನ್ನು ದಿನವಿಡೀ ಬೆವರುವ ಕೈಯಲ್ಲಿರುತ್ತದೆ, ಬಿಸಿಲಲ್ಲಿ ಜೇಬಿನಲ್ಲಿರುತ್ತದೆ. ಕಾವಿಗೆ ಅರಗು ಮೆದುವಾಗುತ್ತದೆ, ಅಂಟು ತಡೆಯುತ್ತದೆ. ಆದರೆ ಅಂಟಿನ ಹಬೆ ಕಣ್ಣು ಉರಿಸುತ್ತದೆ. ಕೂಸು ಬಾಯಿಗಿಟ್ಟುಕೊಳ್ಳುವ ಗಿಲಕಿಗೆ ಅರಗೇ ಸರಿ. ಸಾಮಾನು ಬದಲಾಗಿದೆ. ಮರ ತಿರುಗಬೇಕು, ಕೈ ನಿಲ್ಲಬೇಕು, ಪದರು ತೆಳುವಾಗಿರಬೇಕು ಎಂಬ ತಿಳಿವಳಿಕೆ ಮಾತ್ರ ಬದಲಾಗಿಲ್ಲ.

ನನ್ನನ್ನು ಕಾಡಿದ್ದು ಬೇರೆಯೇ. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ 1858ರಲ್ಲಿ ಬಂಡೆದ್ದದ್ದು ನಮಗೆಲ್ಲ ಗೊತ್ತು. ದತ್ತಕಕ್ಕೆ ಕಂಪನಿ ಸರ್ಕಾರ ಒಪ್ಪದೇ ಇದ್ದದ್ದು ಆ ಸಿಟ್ಟಿನ ಒಂದು ಮುಖ್ಯ ಕಾರಣ. ಅಂಥ ಪತ್ರವ್ಯವಹಾರದಲ್ಲಿ ಯಾರು, ಯಾರಿಗೆ, ಏನು ಬರೆದರು ಎಂದು ಹುಡುಕುವುದೇ ನಮ್ಮ ಕಸುಬು. ಲಕೋಟೆಗೆ ಮುದ್ರೆಯೊತ್ತಲು ಕಾಯಿಸುತ್ತಿದ್ದ ಅರಗನ್ನು ನಾವು ಓದುವುದಿಲ್ಲ. ಒಡೆದು ಒಳಗಿನ ಕಾಗದ ತೆಗೆಯುತ್ತೇವೆ. ಹಾಗೆಯೇ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ದನಿ 1940ರ ದಶಕದಲ್ಲಿ ಮೊದಲು ಮನೆಮನೆಗೆ ಹೋದದ್ದು 78 ಸುತ್ತಿನ ತಟ್ಟೆಗಳ ಮೇಲೆ. ಆ ಕಾಲದ ತಟ್ಟೆಗಳು ಕಲ್ಲುಪುಡಿ ಬೆರೆಸಿದ ಅರಗಿನವು. ಕೂಸಿನ ತೊಟ್ಟಿಲು, ಅರಸನ ಪತ್ರ, ಗವಾಯಿಯ ಹಾಡು ಮೂರನ್ನೂ ಹೊತ್ತದ್ದು ಒಂದೇ ವಸ್ತು. ನಾಲ್ಕು ವರ್ಷಗಳ ನನ್ನ ಸಂಶೋಧನೆಯ ಟಿಪ್ಪಣಿಗಳಲ್ಲಿ ‘ಅರಗು’ ಎಂಬ ಪದ ಒಮ್ಮೆಯೂ ಇರಲಿಲ್ಲ.

ಕನ್ನಡದಲ್ಲಿ ಅರಗುವುದು ಎಂದರೆ ಜೀರ್ಣವಾಗುವುದು ಎಂದೂ ಅರ್ಥ. ಬರೆದವರ ಹೆಸರು ದಫ್ತರಗಳಲ್ಲಿ ಉಳಿಯಿತು, ಕಡೆದವರ ಹೆಸರು ಹೀಗೆ ಅರಗಿಹೋಯಿತು. ಆ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಒಂದು ತಲೆಮಾರು ಕೇಳದಿದ್ದರೆ ಅಲ್ಲಿಗೇ ಮುಗಿಯುತ್ತದೆ. ಅದಕ್ಕೆ ದಫ್ತರವಿಲ್ಲ.

ಹೊರಡುವಾಗ ಬಡಗಿ ಅಟ್ಟದಿಂದ ಹಳೆಯ ತೊಟ್ಟಿಲ ಗುಂಬವೊಂದನ್ನು ಇಳಿಸಿ ತೋರಿಸಿದರು. ಧೂಳು ಒರೆಸಿದಾಗ ಕೆಂಪು ಇನ್ನೂ ಹೊಳೆಯುತ್ತಿತ್ತು. ಮುತ್ಯಾ ಈ ಕೆಂಪಿಗೆ ಅರಗಿನಲ್ಲಿ ಏನು ಕೂಡಿಸುತ್ತಿದ್ದರು ಎಂದು ಕೇಳಿದೆ.

ಅವರು ಅದನ್ನು ಕೈಯಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಅಂವ ಇದ್ದಾಗ ಕೇಳಬೇಕಿತ್ತು, ತಮ್ಮಾ” ಎಂದರು.